ಕಪಾಟಿನೊಳಗಿನ ಸೊನ್ನೆ



ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ, ವಿಕಿರಣದ ಪಾಠ ಬಂದಾಗಲೆಲ್ಲ ಒಂದು ತೊಡಕು ಎದುರಾಗುತ್ತಿತ್ತು. ಉಷ್ಣವನ್ನು ಕಲಿಸಲು ಬಿಸಿನೀರಿನ ಪಾತ್ರೆ ಸಾಕು. ಶಬ್ದಕ್ಕೆ ಒಂದು ಶ್ರುತಿಕವೆ. ಬೆಳಕಿಗೆ ಒಂದು ಗಾಜಿನ ಪಟ್ಟಕ. ವಿಕಿರಣದ ಪಾಠಕ್ಕೆ ಮಾತ್ರ ಮಕ್ಕಳ ಮುಂದೆ ಇಡಲು ಏನೂ ಇರುತ್ತಿರಲಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ಮೈಯನ್ನು ಹಾದುಹೋದದ್ದೂ ಅರಿವಿಗೆ ಬರುವುದಿಲ್ಲ.

ದುಡಿಯುವ ಮನುಷ್ಯನಿಗೆ ಎದುರಾಗುವ ಅಪಾಯಗಳಲ್ಲಿ ಹೆಚ್ಚಿನವು ಮೊದಲೇ ಸೂಚನೆ ಕೊಟ್ಟು ಬರುತ್ತವೆ. ಕುಲುಮೆಯ ಬಳಿ ಹೋದರೆ ಮೈ ತಾನಾಗಿ ಹಿಂದೆ ಸರಿಯುತ್ತದೆ. ಹೊಗೆ ಕಣ್ಣುರಿಸುತ್ತದೆ. ಭತ್ತದ ಗಿರಣಿಯ ಧೂಳು ಸೀನು ಬರಿಸುತ್ತದೆ. ಅಪಾಯವನ್ನು ಗುರುತಿಸುವ ಪಂಚೇಂದ್ರಿಯಗಳೆಂಬ ಐವರು ಕಾವಲುಗಾರರನ್ನು ಪ್ರಕೃತಿಯೇ ನಮಗೆ ಕೊಟ್ಟಿದೆ. ವಿಕಿರಣದ ಮುಂದೆ ಈ ಐವರೂ ನಿದ್ದೆಹೋಗುತ್ತಾರೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದರು ನಮ್ಮ ಹಿರಿಯರು. ಪ್ರತ್ಯಕ್ಷವಾಗಿ ಕಾಣಲಾರದ್ದನ್ನಂತೂ ಪ್ರಮಾಣಿಸಿಯೇ ನೋಡಬೇಕು. ಬೇರೆ ದಾರಿಯೇ ಇಲ್ಲ.

ಎಕ್ಸ್‌ರೇ ಕೋಣೆಯಲ್ಲಿ, ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಪೈಪುಗಳ ಬೆಸುಗೆಯನ್ನು ಪರೀಕ್ಷಿಸುವ ಕಾರ್ಖಾನೆಗಳಲ್ಲಿ, ಅಣುವಿದ್ಯುತ್ ಸ್ಥಾವರಗಳಲ್ಲಿ ನಿತ್ಯವೂ ಈ ಅಗೋಚರ ವಸ್ತುವಿನ ಜೊತೆಯಲ್ಲಿ ದುಡಿಯುವವರಿದ್ದಾರೆ. ಅವರಲ್ಲಿ ನಮ್ಮ ನಿಮ್ಮ ಮನೆಗಳ ಮಕ್ಕಳೂ ಇದ್ದಾರೆ. ಅವರ ಪಾಲಿಗೆ ಅಳತೆಯೇ ಕಾವಲು. ಅಳತೆ ಇಲ್ಲದಿದ್ದಾಗ ಏನಾಗುತ್ತದೆ, ಅಳತೆ ಇದ್ದೂ ಇಲ್ಲದಂತಾದಾಗ ಏನಾಗುತ್ತದೆ ಎಂಬುದನ್ನು ಹಂಚಿಕೊಳ್ಳಬೇಕೆಂದು ಈ ಲೇಖನ.

ಮೊದಲು ಹಳೆಯ ಕಥೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಆರೆಂಜ್ ಎಂಬ ಊರಿನಲ್ಲಿ 1917ರಲ್ಲಿ ಗಡಿಯಾರದ ಮುಖಗಳಿಗೆ ಹೊಳೆಯುವ ಬಣ್ಣ ಬಳಿಯುವ ಕಾರ್ಖಾನೆಯೊಂದು ಆರಂಭವಾಯಿತು. ಸತುವಿನ ಸಲ್ಫೈಡಿಗೆ ಅತ್ಯಲ್ಪ ರೇಡಿಯಂ ಬೆರೆಸಿದರೆ ಬಣ್ಣ ಕತ್ತಲೆಯಲ್ಲಿ ಮಿನುಗುತ್ತದೆ. ಮೊದಲನೆಯ ಮಹಾಯುದ್ಧದ ಸೈನಿಕರಿಗೆ ಅಂಥ ಗಡಿಯಾರಗಳು ಬೇಕಾಗಿದ್ದವು. ಕೆಲಸಕ್ಕೆ ಸೇರಿದವರು ಎಳೆಯ ಹುಡುಗಿಯರು. ಸಣ್ಣ ಅಂಕಿಗಳನ್ನು ಬರೆಯಲು ಕುಂಚದ ತುದಿ ಸೂಜಿಯಂತಿರಬೇಕು. ಆದ್ದರಿಂದ ಅದನ್ನು ತುಟಿಗಳ ನಡುವೆ ಇಟ್ಟು ಚೂಪು ಮಾಡುವುದನ್ನು ಅವರಿಗೆ ಕಲಿಸಲಾಗಿತ್ತು. ಪ್ರತಿ ಸಲವೂ ಒಂದಿಷ್ಟು ರೇಡಿಯಂ ಹೊಟ್ಟೆ ಸೇರುತ್ತಿತ್ತು. ಅದೇ ಕಾರ್ಖಾನೆಯ ರಸಾಯನತಜ್ಞರು ಸೀಸದ ತಡೆಯ ಹಿಂದೆ ನಿಂತು, ಇಕ್ಕಳದಿಂದ ಹಿಡಿದು ಕೆಲಸ ಮಾಡುತ್ತಿದ್ದರು. ಅಪಾಯದ ಅರಿವು ಮೇಲಿನವರಿಗೆ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ರಸಾಯನ ಗುಣದಲ್ಲಿ ರೇಡಿಯಂ ಕ್ಯಾಲ್ಸಿಯಂನ ದಾಯಾದಿ. ಹಾಗಾಗಿ ದೇಹ ಅದನ್ನು ಮೂಳೆಗಳಲ್ಲಿ ಸೇರಿಸಿಕೊಳ್ಳುತ್ತದೆ. ಅದರ ಅರ್ಧಾಯುಷ್ಯ 1600 ವರ್ಷ. ಮನುಷ್ಯನ ಆಯುಸ್ಸು ಮುಗಿದರೂ ಅದರ ಆಟ ಮುಗಿಯುವುದಿಲ್ಲ. ಹುಡುಗಿಯರ ಹಲ್ಲುಗಳು ಉದುರಿದವು, ದವಡೆಯ ಮೂಳೆ ಕೊಳೆಯಿತು, ರಕ್ತ ತೆಳುವಾಯಿತು. ದಂತವೈದ್ಯ ಥಿಯೊಡೋರ್ ಬ್ಲಮ್ ಅವರು 1924ರಲ್ಲಿ ಇದನ್ನು ವೈದ್ಯಕೀಯ ಜಗತ್ತಿನ ಗಮನಕ್ಕೆ ತಂದರು. ಮರುವರ್ಷ ಡಾ. ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಅವರು ಈ ಹುಡುಗಿಯರ ದೇಹದಲ್ಲಿ ಮತ್ತು ಅವರು ಹೊರಬಿಟ್ಟ ಉಸಿರಿನಲ್ಲಿ ವಿಕಿರಣವನ್ನು ಅಳೆದು ತೋರಿಸಿದರು. ಉಪಕರಣದ ಮುಂದೆ ಬಿಟ್ಟ ಉಸಿರೇ ಸಾಕ್ಷಿಯಾಯಿತು! ಗ್ರೇಸ್ ಫ್ರೈಯರ್ ಮತ್ತು ಇತರ ನಾಲ್ವರು ನ್ಯಾಯಾಲಯಕ್ಕೆ ಹೋದರು. 1928ರಲ್ಲಿ ರಾಜಿಯಾಗಿ, ತಲಾ 10,000 ಡಾಲರ್ ಹಾಗೂ ವರ್ಷಕ್ಕೆ 600 ಡಾಲರ್ ಪಿಂಚಣಿ ಗೊತ್ತಾಯಿತು. ಪಿಂಚಣಿಯನ್ನು ಬಹುಕಾಲ ಪಡೆಯುವ ಭಾಗ್ಯ ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಆ ಬಣ್ಣವನ್ನು ಕಂಡುಹಿಡಿದ ಫಾನ್ ಸೊಕೋಕಿ ಕೂಡ ಅದೇ ವರ್ಷ ರಕ್ತದ ಕಾಯಿಲೆಯಿಂದ ತೀರಿಕೊಂಡರು.

ಇಂಥ ಹೆಣ್ಣುಮಕ್ಕಳ ದೇಹಗಳಿಂದ ದೊರೆತ ಮಾಹಿತಿಯ ಆಧಾರದ ಮೇಲೆಯೇ 1941ರಲ್ಲಿ, ದೇಹದೊಳಗೆ ಇರಬಹುದಾದ ರೇಡಿಯಂಗೆ 0.1 ಮೈಕ್ರೋಗ್ರಾಂ ಎಂಬ ಮಿತಿಯನ್ನು ಗೊತ್ತುಪಡಿಸಿದರು. ಒಂದು ಗ್ರಾಂನ ಕೋಟಿಯಲ್ಲೊಂದು ಪಾಲು! ಈ ಅಂಕಿಯನ್ನು ನೆನೆದಾಗಲೆಲ್ಲ ನನಗೆ ಅನಿಸುವುದಿದೆ: ಇಂದು ನಮ್ಮ ಕೈಯಲ್ಲಿರುವ ಸುರಕ್ಷತಾ ನಿಯಮದ ಒಂದೊಂದು ಸಾಲಿಗೂ ಯಾರೋ ಬೆಲೆ ತೆತ್ತಿದ್ದಾರೆ.

ಇನ್ನು ಸ್ವಲ್ಪ ಲೆಕ್ಕ. ಹಳೆಯ ವೃತ್ತಿಯ ಚಾಳಿ, ಓದುಗರು ಮನ್ನಿಸಬೇಕು.

ದೇಹದ ಮೇಲೆ ವಿಕಿರಣದಿಂದಾಗುವ ಪರಿಣಾಮವನ್ನು ಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನಿತ್ಯ ವ್ಯವಹಾರಕ್ಕೆ ಅದರ ಸಾವಿರದಲ್ಲೊಂದು ಪಾಲಾದ ಮಿಲಿಸೀವರ್ಟ್ ಸಾಕು. ಮಣ್ಣು, ಕಲ್ಲು, ಗಾಳಿ, ಆಕಾಶಗಳಿಂದ ಜಗತ್ತಿನ ಮನುಷ್ಯನೊಬ್ಬನಿಗೆ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಹೇಗೂ ಬೀಳುತ್ತದೆ. ವಿಕಿರಣದ ಜೊತೆ ಕೆಲಸ ಮಾಡುವವರಿಗೆ, ಇದನ್ನು ಬಿಟ್ಟು, ನಮ್ಮ ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹಾಕಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಯಾವುದೇ ಒಂದು ವರ್ಷದಲ್ಲಿ 30ನ್ನು ಮೀರಬಾರದು. ಸಾರ್ವಜನಿಕರಿಗೆ ವರ್ಷಕ್ಕೆ 1. ಕೆಲಸಗಾರ್ತಿ ಗರ್ಭಿಣಿ ಎಂದು ಗೊತ್ತಾದ ಮೇಲೆ ಹೊಟ್ಟೆಯಲ್ಲಿರುವ ಮಗುವಿಗೆ ಉಳಿದ ಅವಧಿಯಲ್ಲಿ 1ಕ್ಕಿಂತ ಹೆಚ್ಚು ಆಗಬಾರದು. ಮಿತಿ ಇದೆ ಎಂದರೆ ಅಲ್ಲಿಯ ತನಕ ನಿಶ್ಚಿಂತೆ ಎಂದು ಅರ್ಥವಲ್ಲ. ಸಾಧ್ಯವಿರುವಷ್ಟು ಕಡಿಮೆ ಮಾಡಬೇಕೆಂಬುದೇ ಮೂಲ ತತ್ತ್ವ.

ಕಡಿಮೆ ಮಾಡುವ ಉಪಾಯಗಳು ಮೂರು. ಹೊತ್ತು ಕಡಿಮೆ, ದೂರ ಹೆಚ್ಚು, ನಡುವೆ ಒಂದು ತಡೆ. ಬೆಸುಗೆ ಪರೀಕ್ಷಿಸುವವರು ಬಳಸುವ ಇರಿಡಿಯಂ-192 ಎಂಬ ಆಕರವನ್ನು ತೆಗೆದುಕೊಳ್ಳಿ. 20 ಕ್ಯೂರಿಯ ಆಕರವೊಂದು ತಡೆಯಿಲ್ಲದೆ ತೆರೆದಿದ್ದರೆ, ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 100 ಮಿಲಿಸೀವರ್ಟ್. ಅಂದರೆ ಹನ್ನೆರಡು ನಿಮಿಷಗಳಲ್ಲಿ ಒಂದು ವರ್ಷದ ಪಾಲು ಮುಗಿಯಿತು. ಎರಡು ಮೀಟರ್ ಹಿಂದೆ ನಿಂತರೆ ಗಂಟೆಗೆ 25. ಹತ್ತು ಮೀಟರ್ ಹಿಂದೆ ನಿಂತರೆ ಕೇವಲ 1. ಹತ್ತನೆಯ ತರಗತಿಯಲ್ಲಿ ಮಕ್ಕಳು ಗೊಣಗಿಕೊಂಡು ಬಾಯಿಪಾಠ ಮಾಡುತ್ತಿದ್ದ ದೂರದ ವರ್ಗದ ವಿಲೋಮ ನಿಯಮ ಇದೇ. ಅದೇ ಆಕರವನ್ನು ಹತ್ತು ಸೆಂಟಿಮೀಟರ್ ಹತ್ತಿರಕ್ಕೆ ತಂದರೆ ಗಂಟೆಗೆ ಹತ್ತು ಸಾವಿರ ಮಿಲಿಸೀವರ್ಟ್! ಬೆರಳಿನಿಂದ ಎತ್ತಿದವನಿಗೆ ಆ ಕ್ಷಣದಲ್ಲಿ ಏನೂ ಅನ್ನಿಸುವುದಿಲ್ಲ. ದಿನಗಳು ಕಳೆದ ಮೇಲೆ ಕೈ ಸುಟ್ಟಂತೆ ಹುಣ್ಣಾಗುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದರೂ, ನಿರ್ದಿಷ್ಟ ವ್ಯಕ್ತಿಯ ಮೈಮೇಲೆ ನಿಜವಾಗಿ ಎಷ್ಟು ಬಿತ್ತು ಎಂದು ತಿಳಿಯಲು ಆ ವ್ಯಕ್ತಿಯ ಜೊತೆಯಲ್ಲೇ ಓಡಾಡುವ ಒಂದು ಸಾಕ್ಷಿ ಬೇಕು. ಅದೇ ಟಿಎಲ್‌ಡಿ ಬ್ಯಾಜ್. ಎದೆಯ ಮೇಲೆ, ಸೀಸದ ಏಪ್ರನ್ನಿನ ಒಳಗೆ ಸಿಕ್ಕಿಸಿಕೊಳ್ಳುವ ಪುಟ್ಟ ಚೀಟಿಯಂಥ ವಸ್ತು. ನಮ್ಮ ದೇಶದ ಬ್ಯಾಜಿನೊಳಗೆ ಕ್ಯಾಲ್ಸಿಯಂ ಸಲ್ಫೇಟಿನಿಂದ ಮಾಡಿದ ಮೂರು ಬಿಲ್ಲೆಗಳಿರುತ್ತವೆ. ಒಂದರ ಮೇಲೆ ಲೋಹದ ಮುಚ್ಚಳ, ಇನ್ನೊಂದರ ಮೇಲೆ ಪ್ಲಾಸ್ಟಿಕ್, ಮೂರನೆಯದು ಬರಿದು. ವಿಕಿರಣದ ಶಕ್ತಿಯನ್ನು ಬಿಲ್ಲೆ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಾದ ಮೇಲೆ ಪ್ರಯೋಗಾಲಯದಲ್ಲಿ ಅದನ್ನು ಕಾಯಿಸಿದಾಗ ಹಿಡಿದಿಟ್ಟದ್ದನ್ನು ಬೆಳಕಾಗಿ ಹೊರಬಿಡುತ್ತದೆ. ಬೆಳಕು ಎಷ್ಟೋ ಡೋಸ್ ಅಷ್ಟು. ಮೂರು ಬಿಲ್ಲೆಗಳ ವ್ಯತ್ಯಾಸದಿಂದ ಯಾವ ಬಗೆಯ ವಿಕಿರಣವೆಂದೂ ಊಹಿಸಬಹುದು. ಪ್ರತಿ ಸಂಸ್ಥೆಗೂ ಒಂದು ಹೆಚ್ಚುವರಿ ಬ್ಯಾಜ್ ಬರುತ್ತದೆ. ಅದನ್ನು ಯಾರೂ ಧರಿಸಬಾರದು, ವಿಕಿರಣವಿಲ್ಲದ ಜಾಗದಲ್ಲಿ ಇಡಬೇಕು. ಅದಕ್ಕೆ ಬಿದ್ದ ನೈಸರ್ಗಿಕ ವಿಕಿರಣವನ್ನು ಉಳಿದವುಗಳಿಂದ ಕಳೆದು, ಕೆಲಸದಿಂದ ಬಿದ್ದದ್ದು ಎಷ್ಟೆಂದು ಬರೆಯುತ್ತಾರೆ.

ಬ್ಯಾಜ್ ಯಾರನ್ನೂ ಕಾಪಾಡುವುದಿಲ್ಲ. ಒಂದು ಕಿರಣವನ್ನೂ ಅದು ತಡೆಯಲಾರದು. ಅದರ ಕೆಲಸ ನಡೆದದ್ದನ್ನು ನೆನಪಿಟ್ಟು ಹೇಳುವುದು ಮಾತ್ರ. ಇದನ್ನು ತಿಳಿಯದ ಕೆಲವರು ಅದನ್ನು ತಾಯಿತದಂತೆ ಭಾವಿಸುತ್ತಾರೆ. ಇನ್ನು ಕೆಲವರು ಅದು ಏನನ್ನೂ ತಡೆಯದೆಂದು ತಿಳಿದ ಕೂಡಲೇ ಉಪಯೋಗವಿಲ್ಲವೆಂದು ಮೂಲೆಗೆ ಹಾಕುತ್ತಾರೆ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಯೊಡನೆ ನಮ್ಮ ಮನೆಗೆ ಬಂದಿದ್ದಳು. ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿಯಲ್ಲ. ಆದರೆ ಕೊಟ್ಟ ಕೆಲಸವನ್ನು ತಪ್ಪದೆ ಮಾಡುವವಳು. ಡಿಪ್ಲೊಮಾ ಮುಗಿಸಿ ದೊಡ್ಡ ಊರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಹೃದಯದ ರಕ್ತನಾಳಗಳ ಪರೀಕ್ಷೆ ನಡೆಯುವ ಕೋಣೆಯಲ್ಲಿ ತಂತ್ರಜ್ಞೆಯಾಗಿದ್ದಳು. ಅಲ್ಲಿ ಎಕ್ಸ್‌ರೇ ಒಂದು ಕ್ಷಣ ಮಿಂಚಿ ಮಾಯವಾಗುವುದಿಲ್ಲ. ವೈದ್ಯರು ತಂತಿಯನ್ನು ನಾಳದೊಳಗೆ ನಡೆಸುವಷ್ಟು ಹೊತ್ತೂ ಬಿಟ್ಟು ಬಿಟ್ಟು ಹರಿಯುತ್ತಿರುತ್ತದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಮಗುವಿನ ಮಾತು ನಡೆದಿತ್ತು. ಅತ್ತೆ ಕೆಲಸ ಬಿಡು ಎನ್ನುತ್ತಿದ್ದರು. ಚಹಾ ಕುಡಿದಾದ ಮೇಲೆ ಅವಳು ಮೆಲ್ಲನೆ ಕೇಳಿದಳು.

"ಸರ್, ಅಲ್ಲಿ ನಾಲ್ಕು ವರ್ಷ ಆಯಿತು. ನನಗೆ ಎಷ್ಟು ಬಿದ್ದಿರಬಹುದು?"

"ನಿನ್ನ ಬ್ಯಾಜಿನ ರಿಪೋರ್ಟ್ ಏನು ಹೇಳುತ್ತದೆ ತಂಗಿ?"

"ಸೊನ್ನೆ ಸರ್. ಪ್ರತಿ ಸಲವೂ ಸೊನ್ನೆ."

"ಒಳ್ಳೆಯದೇ ಆಯಿತಲ್ಲ. ಮತ್ತೆ ಚಿಂತೆ ಯಾಕೆ?"

ಅವಳು ತಾಯಿಯ ಮುಖ ನೋಡಿದಳು. "ಬ್ಯಾಜ್ ನಮ್ಮ ಹತ್ತಿರ ಇರುವುದೇ ಇಲ್ಲ ಸರ್. ಕಳೆದುಹೋದರೆ ಹಣ ಕಟ್ಟಬೇಕು ಅಂತ ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಾರೆ. ಮೂರು ತಿಂಗಳಿಗೊಮ್ಮೆ ಅಲ್ಲಿಂದಲೇ ಪ್ಯಾಕ್ ಮಾಡಿ ಕಳಿಸುತ್ತಾರೆ."

ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆ ಸೊನ್ನೆ ಸುಳ್ಳಲ್ಲ. ಪ್ರಯೋಗಾಲಯದವರು ಪ್ರಾಮಾಣಿಕವಾಗಿ ಅಳೆದು, ಪ್ರಾಮಾಣಿಕವಾಗಿ ಬರೆದ ಸೊನ್ನೆ. ಆದರೆ ಅದು ಕಪಾಟಿಗೆ ಬಿದ್ದ ಡೋಸ್. ಹುಡುಗಿಯ ಹೆಸರಿನಲ್ಲಿ ದಾಖಲಾಗಿತ್ತು, ಅಷ್ಟೇ. ನಾಳೆ ಅವಳಿಗೆ ಏನಾದರೂ ಆದರೆ ಹದಿನಾರು ರಿಪೋರ್ಟುಗಳು ಎದ್ದುನಿಂತು 'ಇವಳಿಗೆ ಏನೂ ಬಿದ್ದಿಲ್ಲ' ಎಂದು ಅವಳ ವಿರುದ್ಧವೇ ಸಾಕ್ಷಿ ನುಡಿಯುತ್ತವೆ. ರೇಡಿಯಂ ಬಳಿದ ಹುಡುಗಿಯರಿಗೆ ಅಳತೆಯೇ ಇರಲಿಲ್ಲ. ಇವಳಿಗೆ ಅಳತೆ ಇತ್ತು, ಬೀಗದ ಒಳಗೆ.

ಅಂದು ಇಬ್ಬರೂ ಕೂತು ಒಂದು ಅಂದಾಜು ಹಾಕಿದೆವು. ಆ ಕೋಣೆಯಲ್ಲಿ ಸಿಬ್ಬಂದಿಗೆ ಬೀಳುವುದು ಹೆಚ್ಚಾಗಿ ರೋಗಿಯ ಮೈಯಿಂದ ಚದುರಿ ಬಂದ ಕಿರಣ. ರೋಗಿಯ ಮೈಮೇಲೆ ಬಿದ್ದುದರ ಸುಮಾರು ಸಾವಿರದಲ್ಲೊಂದು ಪಾಲು ಒಂದು ಮೀಟರ್ ದೂರದಲ್ಲಿರುತ್ತದೆ ಎಂಬುದು ಬಲ್ಲವರು ಬಳಸುವ ಸ್ಥೂಲ ಲೆಕ್ಕ. ಅರ್ಧ ಮಿಲಿಮೀಟರ್ ಸೀಸಕ್ಕೆ ಸಮನಾದ ಏಪ್ರನ್ ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ತಡೆಯುತ್ತದೆ. ಏಪ್ರನ್ ತಪ್ಪದೆ ಹಾಕಿಕೊಳ್ಳುತ್ತೀಯಾ ಎಂದು ಕೇಳಿದೆ. ಹೌದು ಎಂದಳು. ಮಡಿಸಿ ಇಡುತ್ತಾರೋ, ತೂಗುಹಾಕುತ್ತಾರೋ ಎಂದೂ ಕೇಳಿದೆ. ಮಡಿಸಿದ ಏಪ್ರನ್ನಿನ ಒಳಗೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಹೆಚ್ಚು ಹೊತ್ತು ನಿಲ್ಲುವುದು ಕೋಣೆಯ ಹೊರಗಿನ ಗಾಜಿನ ಹಿಂದೆ ಎಂದೂ ಹೇಳಿದಳು. ಭಯಪಡುವಷ್ಟು ಇರಲಿಕ್ಕಿಲ್ಲ ಎಂದು ಇಬ್ಬರಿಗೂ ಅನ್ನಿಸಿತು. ಆದರೆ ಅಂದಾಜು ಅಂದಾಜೇ. ಬಸಿರಿನ ವಿಷಯದಲ್ಲಿ ಅದನ್ನು ನಂಬಿ ಕೂರಲಾಗದು.

ಅವಳು ವಿಕಿರಣ ಸುರಕ್ಷತಾ ಅಧಿಕಾರಿಗೆ ಅರ್ಧ ಪುಟದ ಪತ್ರ ಬರೆದಳು. ಯಾರನ್ನೂ ದೂರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಬಂದ ಕೂಡಲೇ ಬ್ಯಾಜ್ ಕೈಗೆ ಸಿಗಬೇಕು, ಸಂಜೆ ವಿಕಿರಣವಿಲ್ಲದ ಜಾಗದ ಹಲಗೆಯ ಮೇಲೆ ತೂಗುಹಾಕಲು ಅವಕಾಶ ಬೇಕು, ತನ್ನ ಡೋಸಿನ ದಾಖಲೆಯನ್ನು ತಾನು ನೋಡಬೇಕು. ಮೂರೇ ಬೇಡಿಕೆ. ಕೆಲಸ ಹೋಗುತ್ತದೆಂಬ ಭಯ ಅವಳಿಗಿತ್ತು. 'ಇಷ್ಟು ದಿನ ಇಲ್ಲದ್ದು ಈಗ ನಿನಗೊಬ್ಬಳಿಗೆ ಯಾಕೆ' ಎಂದು ಜೊತೆಯವರೇ ಗೊಣಗಿದರಂತೆ. ಕೆಲವು ವಾರ ಉತ್ತರ ಬರಲಿಲ್ಲ. ಕೊನೆಗೆ ಆ ಅಧಿಕಾರಿ, ಅವನೂ ಚಿಕ್ಕ ವಯಸ್ಸಿನವನೇ, ಕಪಾಟಿನ ಬೀಗ ತೆಗೆಸಿ ಗೋಡೆಗೆ ಹಲಗೆ ಹೊಡೆಸಿದ.

ಮುಂದಿನ ರಿಪೋರ್ಟ್ ಬಂದ ದಿನ ಅವಳ ಫೋನ್ ಬಂತು. "ಸರ್, 0.25 ಬಂದಿದೆ!" ಪರೀಕ್ಷೆಯಲ್ಲಿ ಪಾಸಾದಾಗ ಕೂಡ ಅವಳ ದನಿಯಲ್ಲಿ ಅಷ್ಟು ಉತ್ಸಾಹ ನಾನು ಕೇಳಿರಲಿಲ್ಲ. ಸೊನ್ನೆ ಕೊಡದಿದ್ದ ಸಮಾಧಾನವನ್ನು ಆ ಕಾಲು ಮಿಲಿಸೀವರ್ಟ್ ಕೊಟ್ಟಿತ್ತು. ಮೂರು ತಿಂಗಳಿಗೆ 0.25 ಎಂದರೆ ವರ್ಷಕ್ಕೆ ಸುಮಾರು 1. ಕೆಲಸಗಾರರ ಮಿತಿಯ ಇಪ್ಪತ್ತರಲ್ಲೊಂದು ಪಾಲು. ಮುಂದೆ ಗರ್ಭಿಣಿಯಾದಾಗ ಕೂಡಲೇ ಲಿಖಿತವಾಗಿ ತಿಳಿಸಿ, ಬೇರೆ ವಿಭಾಗದ ಕೆಲಸ ಕೇಳಿ ಪಡೆದಳು. ಮಗು ಈಗ ಶಾಲೆಗೆ ಹೋಗುತ್ತಿದೆ. ಹಿಂದಿನ ನಾಲ್ಕು ವರ್ಷಗಳ ಹದಿನಾರು ಸೊನ್ನೆಗಳು ಮಾತ್ರ ದಾಖಲೆಯಲ್ಲಿ ಹಾಗೆಯೇ ಉಳಿದಿವೆ. ಕಾಣದ ಕಿರಣ ಒಮ್ಮೆ ಅಳೆಯದೆ ಹೋಯಿತೆಂದರೆ ಹೋಯಿತು. ಹಿಂದಕ್ಕೆ ಕರೆದು ಅಳೆಯಲು ಬರುವುದಿಲ್ಲ.

ಹಾಗೆಂದು ಬ್ಯಾಜ್ ಒಂದಿದ್ದರೆ ಎಲ್ಲವೂ ಆಯಿತೆಂದು ಭಾವಿಸಬೇಡಿ. ಅದಕ್ಕೆ ಕಾಣದ ವಿಕಿರಣವೂ ಇದೆ. ಇದಕ್ಕೆ ಉದಾಹರಣೆ ನಮ್ಮ ಉತ್ತರ ಕನ್ನಡದಲ್ಲೇ, ಕಾಳಿ ನದಿಯ ದಂಡೆಯ ಕೈಗಾದಲ್ಲೇ ಸಿಗುತ್ತದೆ. ಅಲ್ಲಿಯ ಸ್ಥಾವರಗಳಲ್ಲಿ ಭಾರಜಲ ಬಳಸುತ್ತಾರೆ. ಭಾರಜಲದಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹುಟ್ಟುತ್ತದೆ. ಅದರ ಬೀಟಾ ಕಣ ಎಷ್ಟು ದುರ್ಬಲವೆಂದರೆ ನಮ್ಮ ಚರ್ಮದ ಹೊರಪದರವನ್ನೂ ದಾಟಲಾರದು. ಎದೆಯ ಮೇಲಿನ ಬ್ಯಾಜಿಗೆ ಅದು ತಿಳಿಯುವುದೇ ಇಲ್ಲ. ಆದರೆ ಟ್ರಿಟಿಯಂ ಸೇರಿದ ನೀರನ್ನು ಕುಡಿದರೆ ಅದು ಒಳಗಿನಿಂದ ಕೆಲಸ ಮಾಡುತ್ತದೆ. ಆದ್ದರಿಂದ ಅಲ್ಲಿಯ ಕೆಲಸಗಾರರ ಮೂತ್ರವನ್ನು ನಿಯತವಾಗಿ ಪರೀಕ್ಷಿಸುವ ಪದ್ಧತಿಯಿದೆ.

2009ರ ನವೆಂಬರ್‌ನಲ್ಲಿ ಇಂಥ ವಾಡಿಕೆಯ ಪರೀಕ್ಷೆಯಲ್ಲೇ ಕೆಲವರ ಮಾದರಿಗಳಲ್ಲಿ ಟ್ರಿಟಿಯಂ ಹೆಚ್ಚಿರುವುದು ಕಂಡುಬಂತು. ಹುಡುಕುತ್ತ ಹೋದಾಗ ಒಂದನೆಯ ಘಟಕದ ಒಂದು ಕುಡಿಯುವ ನೀರಿನ ಕೂಲರ್ ಸಿಕ್ಕಿತು. ಯಾರೋ ಅದಕ್ಕೆ ಬೇಕೆಂದೇ ಬೆರೆಸಿರಬೇಕೆಂದು ಅಧಿಕಾರಿಗಳು ಶಂಕಿಸಿದರು. ಐವತ್ತಕ್ಕೂ ಹೆಚ್ಚು ಮಂದಿಯ ದೇಹಕ್ಕೆ ಟ್ರಿಟಿಯಂ ಸೇರಿತ್ತು. ಹೆಚ್ಚಿನವರ ಡೋಸ್ ಮಿತಿಯೊಳಗೇ ಇತ್ತು. ಟ್ರಿಟಿಯಂನ ಅರ್ಧಾಯುಷ್ಯ ಹನ್ನೆರಡು ವರ್ಷಕ್ಕಿಂತ ತುಸು ಹೆಚ್ಚಾದರೂ, ದೇಹದಲ್ಲಿ ಅದು ನೀರಿನೊಡನೆ ಹರಿದು ಸುಮಾರು ಹತ್ತು ದಿನಕ್ಕೆ ಅರ್ಧಕ್ಕಿಳಿಯುತ್ತದೆ. ನೀರು, ಪಾನೀಯಗಳನ್ನು ಹೆಚ್ಚು ಕುಡಿಸಿದರೆ ಇನ್ನೂ ಬೇಗ ಹೊರಹೋಗುತ್ತದೆ. ಬೇಸರ ಹುಟ್ಟಿಸುವ ಆ ವಾಡಿಕೆಯ ಪರೀಕ್ಷೆಯನ್ನು ಯಾರಾದರೂ 'ಯಾವಾಗಲೂ ಏನೂ ಬರುವುದಿಲ್ಲವಲ್ಲ' ಎಂದು ಬಿಟ್ಟಿದ್ದರೆ ಎಷ್ಟು ಮಂದಿ ಎಷ್ಟು ದಿನ ಆ ನೀರು ಕುಡಿಯುತ್ತಿದ್ದರೋ!

ಮರುವರ್ಷ, 2010ರ ಏಪ್ರಿಲ್‌ನಲ್ಲಿ, ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ದೆಹಲಿ ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಕೋಬಾಲ್ಟ್-60ರ ಉಪಕರಣವೊಂದು ಹರಾಜಾಗಿ ಗುಜರಿಗೆ ಬಂತು. ಒಡೆದವರಿಗೆ ಅದು ಹೊಳೆಯುವ ಲೋಹ, ಕಿಲೋ ಲೆಕ್ಕದ ಮಾಲು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕ ತೀರಿಕೊಂಡ. ಅವರ ಎದೆಯ ಮೇಲೆ ಬ್ಯಾಜ್ ಎಲ್ಲಿಂದ ಬರಬೇಕು? ಅವರಿಗೆ ಎಷ್ಟು ಬಿತ್ತೆಂಬುದನ್ನು ರಕ್ತಕಣಗಳ ಕ್ರೋಮೋಸೋಮುಗಳು ಮುರಿದ ಬಗೆಯನ್ನು ಎಣಿಸಿ ಅಂದಾಜು ಮಾಡಬೇಕಾಯಿತು. ಆರೆಂಜ್ ಊರಿನ ಹುಡುಗಿಯರ ಉಸಿರು ಸಾಕ್ಷಿಯಾದಂತೆ ಇಲ್ಲಿ ರಕ್ತ ಸಾಕ್ಷಿಯಾಯಿತು. ಬೇರೆ ಸಾಕ್ಷಿ ಇಲ್ಲದಿದ್ದಾಗ ದೇಹವೇ ಸಾಕ್ಷಿ ಹೇಳಬೇಕಾಗುತ್ತದೆ. ಅದು ಹೇಳುವುದು ಯಾವಾಗಲೂ ತಡವಾಗಿ.

ವಿಕಿರಣವನ್ನು ಶತ್ರುವೆಂದು ಸಾರುವುದು ನನ್ನ ಉದ್ದೇಶವಲ್ಲ. ಎಷ್ಟೋ ಜೀವಗಳನ್ನು ಅದು ಉಳಿಸಿದೆ. ನನ್ನ ವಿದ್ಯಾರ್ಥಿನಿಯ ಕೋಣೆಯಲ್ಲೇ ದಿನವೂ ಉಳಿಸುತ್ತಿದೆ. ನನ್ನ ಕಳಕಳಿ ಇಷ್ಟೇ: ಅಳತೆಯನ್ನು ಶಾಸ್ತ್ರಕ್ಕೆ ಮಾಡುವ ಪೂಜೆಯಂತೆ ಮಾಡಿ ಮುಗಿಸಬಾರದು. ಅದು ದುಡಿಯುವವನ ಆಸ್ತಿ; ಸಂಸ್ಥೆಯ ಕಡತ ತುಂಬಿಸುವ ಕಾಗದವಲ್ಲ.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಇಂಥ ಕೆಲಸದಲ್ಲಿರುವವರು ಇದ್ದರೆ ಈ ನಾಲ್ಕು ಪ್ರಶ್ನೆಗಳನ್ನು ಕೇಳಿ. ನಿನ್ನ ಬ್ಯಾಜ್ ಈಗ ಎಲ್ಲಿದೆ? ಏಪ್ರನ್ನಿನ ಒಳಗೆ ಧರಿಸುತ್ತೀಯಾ? ಕಳೆದ ಮೂರು ತಿಂಗಳ ಅಂಕಿ ಎಷ್ಟು? ಅದನ್ನು ನಿನ್ನ ಕಣ್ಣಾರೆ ನೋಡಿದ್ದೀಯಾ? ಉತ್ತರ ತಡವರಿಸಿದರೆ ಗದರಿಸಬೇಡಿ. ಪಕ್ಕದಲ್ಲಿ ಕೂತು ಅರ್ಧ ಪುಟದ ಪತ್ರ ಬರೆಯಲು ನೆರವಾಗಿ. ಉಳಿದದ್ದನ್ನು ಆ ಮಕ್ಕಳೇ ಮಾಡಿಕೊಳ್ಳುತ್ತಾರೆ.